ಅಕೀಲಾ ಆ್ಯಂಡ್ ದ ಬೀ

'ಅಕೀಲಾ ಆ್ಯಂಡ್ ದ ಬೀ' ೨೦೦೬ರಲ್ಲಿ ಬಿಡುಗಡೆಯಾದ ಅಮೆರಿಕದ ಇಂಗ್ಲಿಷ್ ಚಲನಚಿತ್ರ. ಡಗ್ ಅಚಿಸನ್ ಇದನ್ನು ರಚಿಸಿ ನಿರ್ದೇಶಿಸಿದ್ದಾರೆ. ಶೀರ್ಷಿಕೆಯ 'ಬೀ' ಪದವು ಇಲ್ಲಿ ಜೇನುನೊಣವನ್ನಲ್ಲ, ಇಂಗ್ಲಿಷ್ ಪದಗಳ ಕಾಗುಣಿತ ಹೇಳುವ 'ಸ್ಪೆಲ್ಲಿಂಗ್ ಬೀ' ಸ್ಪರ್ಧೆಯನ್ನು ಸೂಚಿಸುತ್ತದೆ.

ಕಥಾವಸ್ತು

ದಕ್ಷಿಣ ಲಾಸ್ ಏಂಜಲೀಸ್‌ನ ಸೌಲಭ್ಯವಂಚಿತ ಶಾಲೆಯೊಂದರ ವಿದ್ಯಾರ್ಥಿನಿ, ಹನ್ನೊಂದು ವರ್ಷದ ಅಕೀಲಾ ಆಂಡರ್ಸನ್‌ಗೆ ಪದಗಳೆಂದರೆ ಅಪಾರ ಪ್ರೀತಿ. ಆದರೆ ಸಹಪಾಠಿಗಳ ಅಪಹಾಸ್ಯಕ್ಕೆ ಅಂಜಿ ಅವಳು ತನ್ನ ಜಾಣತನವನ್ನು ಮರೆಮಾಚುತ್ತಾಳೆ. ಪ್ರಾಂಶುಪಾಲರ ಒತ್ತಾಯದಿಂದ ಭಾಗವಹಿಸಿದ ಶಾಲಾ ಸ್ಪರ್ಧೆಯಲ್ಲಿ ಗೆದ್ದ ನಂತರ ಪ್ರಾಧ್ಯಾಪಕ ಡಾ. ಜೋಶುವಾ ಲ್ಯಾರಬಿ ಅವಳಿಗೆ ತರಬೇತಿ ನೀಡುತ್ತಾರೆ. ದೀರ್ಘ ಪದಗಳನ್ನು ಅವುಗಳ ಮೂಲ ಧಾತುಗಳಾಗಿ ಬಿಡಿಸುವುದನ್ನು ಅವರು ಕಲಿಸುತ್ತಾರೆ. ಹಗ್ಗದಾಟದ ಲಯವು ಅಕ್ಷರಗಳನ್ನು ನೆನಪಿಡಲು ಅವಳಿಗೆ ನೆರವಾಗುತ್ತದೆ. ಅಕೀಲಾಳ ತಂದೆ ಗುಂಡೇಟಿಗೆ ಬಲಿಯಾಗಿದ್ದರೆ, ಲ್ಯಾರಬಿ ತಮ್ಮ ಮಗಳನ್ನು ಕಳೆದುಕೊಂಡವರು. ಈ ಸಮಾನ ದುಃಖವೇ ಗುರುಶಿಷ್ಯರನ್ನು ಹತ್ತಿರ ತರುತ್ತದೆ. ಆರಂಭದಲ್ಲಿ ವಿರೋಧಿಸಿದ ತಾಯಿಯೂ ನೆರೆಹೊರೆಯವರೂ ಕ್ರಮೇಣ ಅವಳ ಅಭ್ಯಾಸಕ್ಕೆ ಕೈಜೋಡಿಸುತ್ತಾರೆ.

ವಾಷಿಂಗ್ಟನ್‌ನ ಅಂತಿಮ ಸುತ್ತಿನಲ್ಲಿ ಅವಳ ಎದುರಾಳಿ ಡಿಲನ್ ಚಿಯು. ತಂದೆಯ ಕಠೋರ ಒತ್ತಡಕ್ಕೆ ಸಿಲುಕಿದ ಅವನಿಗಾಗಿ ಅಕೀಲಾ ಬೇಕೆಂದೇ ತಪ್ಪು ಹೇಳುತ್ತಾಳೆ. ಅಂತಹ ಗೆಲುವನ್ನು ಒಪ್ಪದ ಡಿಲನ್ ಕೂಡ ತಪ್ಪು ಹೇಳುತ್ತಾನೆ. ಬಳಿಕ ಇಬ್ಬರೂ ಉಳಿದ ಪದಗಳನ್ನೆಲ್ಲ ಸರಿಯಾಗಿ ಹೇಳಿ ಜಂಟಿ ವಿಜೇತರಾಗುತ್ತಾರೆ.

ಪಾತ್ರವರ್ಗ

* ಕೀಕೀ ಪಾಮರ್ – ಅಕೀಲಾ
* ಲಾರೆನ್ಸ್ ಫಿಶ್‌ಬರ್ನ್ – ಡಾ. ಲ್ಯಾರಬಿ
* ಏಂಜೆಲಾ ಬ್ಯಾಸೆಟ್ – ತಾಯಿ ತಾನ್ಯಾ

ನಿರ್ಮಾಣ ಮತ್ತು ಮನ್ನಣೆ

೧೯೯೪ರ ರಾಷ್ಟ್ರೀಯ ಸ್ಪರ್ಧೆಯನ್ನು ವೀಕ್ಷಿಸಿದ್ದು ಅಚಿಸನ್ ಅವರಿಗೆ ಈ ಕಥೆಯ ಪ್ರೇರಣೆಯಾಯಿತು. ಚಿತ್ರಕಥೆಯು ೨೦೦೦ದಲ್ಲಿ ನಿಕೋಲ್ ಫೆಲೋಶಿಪ್‌ಗೆ ಆಯ್ಕೆಯಾಯಿತು. ಚಿತ್ರವನ್ನು ಲಯನ್ಸ್‌ಗೇಟ್ ಸಂಸ್ಥೆ ವಿತರಿಸಿತು. ಅಭಿನಯಕ್ಕಾಗಿ ಪಾಮರ್ ಎನ್‌ಎಎಸಿಪಿ ಇಮೇಜ್ ಪ್ರಶಸ್ತಿ ಪಡೆದರು.