ಒಂಟೆ ದೂರ, ಕಾಂಡ್ಲಾ ಹತ್ತಿರ

ಜೀವಿಗಳು ಪರಿಸರಕ್ಕೆ ಹೊಂದಿಕೊಂಡು ಬದುಕುವ ಬಗೆಯನ್ನು ಕಲಿಸಲು ಮರುಭೂಮಿಯೇ ಬೇಕೆಂದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಮಕ್ಕಳಿಗೆ ಆ ಪಾಠ ಊರಿನ ಅಳಿವೆಯಲ್ಲೇ ಇದೆ.

ಒಂಟೆಯ ಡುಬ್ಬದಲ್ಲಿ ಏನಿದೆ ಎಂದು ಮಕ್ಕಳನ್ನು ಕೇಳಿ ನೋಡಿ. ‘ನೀರು’ ಎಂಬ ಉತ್ತರ ಬರುವ ಸಾಧ್ಯತೆಯೇ ಹೆಚ್ಚು. ಮನೆಯ ದೊಡ್ಡವರನ್ನು ಕೇಳಿದರೂ ಅಷ್ಟೇ. ಡುಬ್ಬದಲ್ಲಿ ಇರುವುದು ಕೊಬ್ಬು. ತಪ್ಪು ಉತ್ತರ ಹೇಳಿದ್ದಕ್ಕೆ ಮಕ್ಕಳನ್ನು ದೂರುವಂತಿಲ್ಲ. ಭಟ್ಕಳ ತಾಲ್ಲೂಕಿನ ಬೆಳಕೆಯಲ್ಲಿ ಕೂತು ಓದುವ ಹುಡುಗಿಗೆ ಒಂಟೆ, ಹಿಮಕರಡಿ, ಪೆಂಗ್ವಿನ್ ಎಲ್ಲವೂ ಚಿತ್ರದ ಪ್ರಾಣಿಗಳೇ. ಯಾರೋ ಹೇಳಿದ್ದನ್ನು ನಂಬಬೇಕು, ಪರೀಕ್ಷೆಯಲ್ಲಿ ಬರೆಯಬೇಕು. ನಿಜವೋ ಸುಳ್ಳೋ ಎಂದು ಹೋಗಿ ನೋಡಿ ಬರುವ ದಾರಿ ಅವಳಿಗಿಲ್ಲ.

ಅದೇ ಬೆಳಕೆಯಿಂದ ರಾಷ್ಟ್ರೀಯ ಹೆದ್ದಾರಿ ಹಿಡಿದು ಭಟ್ಕಳ, ಮುರ್ಡೇಶ್ವರ, ಹೊನ್ನಾವರ ದಾಟಿ ಕುಮಟಾ ಸೇರುವಷ್ಟರಲ್ಲಿ ವೆಂಕಟಾಪುರ, ಶರಾವತಿ, ಅಘನಾಶಿನಿ ಹೊಳೆಗಳು ಕಡಲು ಸೇರುವ ತಾವುಗಳು ಸಿಗುತ್ತವೆ. ಎಡಕ್ಕೆ ಮರಳ ದಂಡೆ, ಬಲಕ್ಕೆ ಘಟ್ಟ, ನಡುವೆ ಗದ್ದೆ, ಗಜನಿ, ತೋಟ, ಚಿರೇಕಲ್ಲಿನ ಬೋಳು ಹಾಸು. ಒಂದು ದಿನದ ತಿರುಗಾಟದಲ್ಲಿ ಇಷ್ಟು ಬಗೆಯ ನೆಲೆಗಳನ್ನು ತೋರಿಸಬಲ್ಲ ಜಾಗ ದೇಶದಲ್ಲಿ ಹೆಚ್ಚಿಲ್ಲ. ಆದರೂ ‘ಹೊಂದಾಣಿಕೆ’ಯ ಪಾಠ ಬಂದಾಗ ನಾವು ರಾಜಸ್ಥಾನಕ್ಕೇ ಹೋಗುತ್ತೇವೆ.

ಕೆಸರಿನಲ್ಲಿ ಉಸಿರು

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವ ಮುನ್ನ ಅದರ ಅಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿದೆ. ಅರಣ್ಯ ಇಲಾಖೆ ಅದರೊಳಗೆ ಎತ್ತರದ ನಡಿಗೆದಾರಿ ಮಾಡಿರುವುದರಿಂದ ಸಣ್ಣ ಮಕ್ಕಳನ್ನೂ ಕಾಲು ಹೂತುಹೋಗದಂತೆ ಒಳಗೆ ಕರೆದೊಯ್ಯಬಹುದು. ನೀರು ಇಳಿದ ಹೊತ್ತಿಗೆ ಹೋಗಬೇಕು, ಅದೊಂದೇ ಷರತ್ತು.

ಮಕ್ಕಳು ಅಲ್ಲಿ ಮೊದಲು ಮಾಡುವ ಕೆಲಸ ಮೂಗು ಮುಚ್ಚಿಕೊಳ್ಳುವುದು. ಪಾಠ ಶುರುವಾಗುವುದೂ ಅಲ್ಲಿಂದಲೇ. ಈ ಕೆಸರು ಯಾಕೆ ಕಪ್ಪು, ಯಾಕೆ ಕೊಳೆತ ಮೊಟ್ಟೆಯ ವಾಸನೆ? ಮಣ್ಣಿನ ಸಂದಿಗೊಂದಿಯಲ್ಲೆಲ್ಲ ನೀರು ತುಂಬಿಕೊಂಡು ಗಾಳಿಗೆ ಜಾಗವೇ ಉಳಿದಿಲ್ಲ. ಆಮ್ಲಜನಕವಿಲ್ಲದೆ ಬದುಕಬಲ್ಲ ಸೂಕ್ಷ್ಮಜೀವಿಗಳು ಎಲೆ, ಕಡ್ಡಿಗಳನ್ನು ಕೊಳೆಸುವಾಗ ಹೊರಡುವ ಅನಿಲದ ನಾತ ಅದು. ಹಾಗಿದ್ದರೆ ಈ ಮರದ ಬೇರು ಉಸಿರಾಡುವುದು ಹೇಗೆ? ಇಷ್ಟು ಕೇಳಿ ಮಾಸ್ತರರು ಸುಮ್ಮನಿದ್ದರೆ ಸಾಕು, ಮಕ್ಕಳೇ ಕೈ ತೋರಿಸುತ್ತಾರೆ. ಒಂದು ಬಗೆಯ ಕಾಂಡ್ಲಾ ಕಾಂಡದಿಂದಲೇ ಊರುಗೋಲಿನ ಬೇರು ಇಳಿಬಿಟ್ಟು ನಿಂತಿದೆ. ಇನ್ನೊಂದರ ಸುತ್ತ ಗೇಣುದ್ದದ ಮೊನಚು ಬೇರುಗಳು ಕೆಸರಿನಿಂದ ಮೇಲಕ್ಕೆ ಎದ್ದಿವೆ. ಎರಡರ ಮೈಮೇಲೂ ಸಣ್ಣ ಸಣ್ಣ ರಂಧ್ರಗಳು. ನೀರು ಇಳಿದಾಗ ಗಾಳಿ ಒಳಹೋಗುವ ಕಿಟಕಿಗಳು ಅವೇ.

ಆಮೇಲೆ ಉಪ್ಪಿನ ಸಂಗತಿ. ಮೊನಚು ಬೇರಿನ ಮರದ ಎಲೆಯನ್ನು ಮಳೆಯಿಲ್ಲದ ದಿನ ನಾಲಗೆಯ ತುದಿಗೆ ತಾಗಿಸಿದರೆ ಉಪ್ಪುಪ್ಪು. ಒಳಗೆ ಬಂದ ಉಪ್ಪನ್ನು ಈ ಮರ ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಊರುಗೋಲು ಬೇರಿನ ಮರ ಬಹುಪಾಲು ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ. ಅದರ ಕೊಂಬೆಯಿಂದ ನುಗ್ಗೆಕಾಯಿಯಂತೆ ತೂಗುವುದು ಕಾಯಿಯಲ್ಲ, ಮರದ ಮೇಲಿದ್ದಾಗಲೇ ಮೊಳೆತ ಸಸಿ. ಬೀಜ ಉಪ್ಪುನೀರಿಗೆ ಬಿದ್ದು ಮೊಳೆಯುವ ಕಷ್ಟವನ್ನೇ ತಪ್ಪಿಸಿಕೊಂಡಿದೆ.

ಕೆಳಗೆ ಕೆಸರಿನ ಮೇಲೆ ನೆಗೆಯುವ ಪುಟ್ಟ ಮೀನು ಕಂಡರಂತೂ ಮಕ್ಕಳು ಅಲ್ಲಾಡುವುದಿಲ್ಲ. ಕಿವಿರಿನ ಗೂಡಿನಲ್ಲಿ ನೀರು ತುಂಬಿಕೊಂಡು, ಒದ್ದೆ ಚರ್ಮದಿಂದಲೂ ಬಾಯಿಯ ಒಳಪದರದಿಂದಲೂ ಉಸಿರಾಡುತ್ತ ಅದು ನೀರಿನ ಹೊರಗೆ ಓಡಾಡುತ್ತದೆ. ಆಗಾಗ ಕೆಸರಲ್ಲಿ ಹೊರಳುವುದು ಆಟಕ್ಕಲ್ಲ. ಚರ್ಮ ಒಣಗಿದರೆ ಉಸಿರು ನಿಂತೀತು.

ಘಟ್ಟದ ಮೇಲೂ ಅದೇ ಉಪಾಯ

ಇದೇ ಪಾಠದ ಎರಡನೇ ಭಾಗ ಘಟ್ಟದ ಮೇಲಿದೆ. ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಘಟ್ಟ ಹತ್ತಿದರೆ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು. 2000ದಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ, ಗೇರು ಕುಟುಂಬದ ಒಂದು ಮರಕ್ಕೆ ಈ ಕಾನಿನ ಹೆಸರನ್ನೇ ಇಟ್ಟು ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಎಂದು ಕರೆದರು. ಇಲ್ಲಿನ ರಾಂಪತ್ರೆ ಜಡ್ಡಿಯಲ್ಲಿ, ಅಂದರೆ ಕಾಡು ಜಾಯಿಕಾಯಿ ಮರಗಳ ಜೌಗಿನಲ್ಲಿ, ಸಿಹಿನೀರಿನ ತೊರೆ ಮರಗಳ ಬುಡದಲ್ಲೇ ಹರಿಯುತ್ತದೆ. ಉಪ್ಪಿಲ್ಲ, ಉಬ್ಬರವಿಲ್ಲ, ಕಡಲಿನ ಸುಳಿವೇ ಇಲ್ಲ. ಆದರೆ ಬುಡ ನೋಡಿದರೆ ಒಂದು ಜಾತಿಯ ರಾಂಪತ್ರೆ ಊರುಗೋಲು ಬೇರಿನ ಮೇಲೆ ನಿಂತಿದೆ. ಇನ್ನೊಂದು ಜಾತಿಯ ಬೇರು ಕೆಸರಿನಿಂದ ಮೇಲೆದ್ದು, ಮಂಡಿ ಮಡಿಸಿದ ಹಾಗೆ ಬಾಗಿ, ಮತ್ತೆ ಕೆಸರಿಗೆ ಇಳಿದಿದೆ.

ಕಾಂಡ್ಲಾಕ್ಕೂ ರಾಂಪತ್ರೆಗೂ ನೆಂಟಸ್ತಿಕೆಯಿಲ್ಲ. ಒಂದು ಇರುವುದು ಕಡಲ ಅಂಚಿನಲ್ಲಿ, ಇನ್ನೊಂದು ಘಟ್ಟದ ಕತ್ತಲಲ್ಲಿ. ಆದರೆ ಕಷ್ಟ ಒಂದೇ, ಬೇರಿಗೆ ಗಾಳಿಯಿಲ್ಲ. ಕಷ್ಟ ಒಂದಾದ್ದರಿಂದ ಉಪಾಯವೂ ಒಂದೇ ತೆರನಾಯಿತು. ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟ ಮಗುವಿಗೆ ಪಾಠದ ತಿರುಳು ಸಿಕ್ಕಂತೆ. ಯಾವ ಪ್ರಾಣಿಗೆ ಯಾವ ಅಂಗ ಎಂಬ ಪಟ್ಟಿಗಿಂತ, ಈ ಜಾಗದಲ್ಲಿ ಬದುಕಲು ಏನು ಕಷ್ಟ ಎಂಬ ಪ್ರಶ್ನೆ ದೊಡ್ಡದು. ಆ ಪ್ರಶ್ನೆ ಕೈಗೆ ಬಂದರೆ ನಾಳೆ ಒಂಟೆಯನ್ನೂ ಅದರಿಂದಲೇ ಅಳೆಯಬಹುದು.

ಕರಾವಳಿಯಿಂದ ಜೋಗಕ್ಕೆ ಪ್ರವಾಸ ಹೋಗುವ ಶಾಲೆಯ ಬಸ್ಸುಗಳು ಹಾಯುವುದು ಇದೇ ಘಟ್ಟದ ದಾರಿಯಲ್ಲಿ. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ಅರ್ಧ ಗಂಟೆ ಇಳಿದರೆ ಜಲಪಾತದಷ್ಟೇ ನೆನಪಿನಲ್ಲಿ ಉಳಿಯುವ ನೋಟ ಸಿಗುತ್ತದೆ. ಅದೃಷ್ಟವಿದ್ದರೆ ಮೇಲೆ ಸಿಂಗಳೀಕ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಈ ಕೋತಿ ಮರದ ನೆತ್ತಿಯಲ್ಲೇ ಉಂಡು, ಅಲ್ಲೇ ಮಲಗಿ, ನೆಲಕ್ಕೆ ಇಳಿಯುವುದನ್ನು ಆದಷ್ಟು ತಪ್ಪಿಸುತ್ತದೆ. ರಸ್ತೆ ಅಗಲವಾಗಿ ಕೊಂಬೆಗೆ ಕೊಂಬೆ ತಾಗದಂತಾದರೆ ಅದಕ್ಕೇನು ಕಷ್ಟ ಎಂದು ಮಕ್ಕಳನ್ನೇ ಕೇಳಬಹುದು.

ಕಲ್ಲಿನ ಮೇಲೆ ಹುಳ ಹಿಡಿಯುವ ಗಿಡ

ಎಲ್ಲ ಶಾಲೆಗೂ ಕಾಂಡ್ಲಾ ಹತ್ತಿರವಿರುವುದಿಲ್ಲ. ಆದರೆ ಭಟ್ಕಳ, ಹೊನ್ನಾವರದ ಕಡೆ ಚಿರೇಕಲ್ಲಿನ ಹಾಸು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಮೇ ತಿಂಗಳಲ್ಲಿ ಬರಿಗಾಲು ಇಡಲಾಗದಷ್ಟು ಕಾದ ಬೋಳು ಕಲ್ಲು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಶುರುವಾಯಿತೆಂದರೆ ಅದೇ ಕಲ್ಲಿನ ಮೇಲೆ ತೆಳು ನೀರು, ಪಾಚಿ, ಹುಲ್ಲು, ಬೆರಳುದ್ದದ ಗಿಡಗಳಲ್ಲಿ ನೀಲಿ, ಹಳದಿ ಹೂ.

ಈ ನೀಲಿ ಹೂವಿನ ಗಿಡಗಳಲ್ಲಿ ಹಲವು ಮಾಂಸಾಹಾರಿಗಳು. ಯುಟ್ರಿಕ್ಯುಲೇರಿಯಾ ಎಂಬ ಗಿಡ ನೀರಿನಡಿ ಸಾಸಿವೆಗಿಂತ ಸಣ್ಣ ಚೀಲಗಳನ್ನು ಇಟ್ಟುಕೊಂಡಿರುತ್ತದೆ. ಸೂಕ್ಷ್ಮ ಜೀವಿಯೊಂದು ಬಾಯಿಯ ಕೂದಲು ಮುಟ್ಟಿದರೆ ಕಣ್ಣೆವೆ ಮುಚ್ಚಿ ತೆರೆಯುವುದಕ್ಕೂ ಮೊದಲೇ ಚೀಲ ತೆರೆದು ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಡ್ರಾಸೆರಾ ಎಂಬ ಇನ್ನೊಂದು ಗಿಡದ ಎಲೆ ತುಂಬ ಅಂಟು ಹನಿ, ಕೂತ ಹುಳ ಏಳುವಂತಿಲ್ಲ. ಇಲ್ಲಿನ ಕಷ್ಟವೇನು? ಬೆಳಕಿದೆ, ನೀರಿದೆ, ಮಣ್ಣಿಲ್ಲ. ಇರುವ ಅಷ್ಟಿಷ್ಟು ಸಾರವನ್ನೂ ಮಳೆ ತೊಳೆದೊಯ್ಯುತ್ತದೆ. ಬೇರಿಗೆ ಸಿಗದ ಸಾರಜನಕವನ್ನು ಹುಳದ ಮೈಯಿಂದ ತೆಗೆಯಬೇಕು. ಮಳೆ ನಿಂತು ಕಲ್ಲು ಒಣಗುವಷ್ಟರಲ್ಲಿ ಹೂಬಿಟ್ಟು ಬೀಜ ಉದುರಿಸಿ ಮುಗಿಸಬೇಕು. ಸಾಧನವೇನೂ ಬೇಡ, ಒಂದು ಭೂತಗನ್ನಡಿ, ಅಳತೆ ಮಾಡಿ ಗುರುತು ಹಾಕಿದ ಒಂದು ಮೊಳ ಕಲ್ಲು, ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ ಬರೆದ ಚಿತ್ರ. ‘ಪಾಳು ಕಲ್ಲು’ ಎಂದು ಊರವರು ಕೈಬಿಟ್ಟ ಜಾಗವನ್ನು ಮಕ್ಕಳು ಆಮೇಲೆ ಹಾಗೆ ಕರೆಯುವುದಿಲ್ಲ.

‘ಬೇಕಿತ್ತು, ಬೆಳೆಸಿಕೊಂಡಿತು’

ಇಲ್ಲೊಂದು ಎಡವುವ ಜಾಗವಿದೆ. ಕಾಂಡ್ಲಾಕ್ಕೆ ಗಾಳಿ ಬೇಕಿತ್ತು, ಅದಕ್ಕೇ ಬೇರು ಮೇಲಕ್ಕೆ ಬೆಳೆಸಿಕೊಂಡಿತು ಎಂದು ಮಕ್ಕಳು ಹೇಳುತ್ತಾರೆ. ನಾವೂ ಮಾತಿನ ಭರದಲ್ಲಿ ಹಾಗೆಯೇ ಹೇಳುತ್ತೇವೆ. ಎಲ್ಲಕ್ಕೂ ಒಂದು ಉದ್ದೇಶ ಹುಡುಕುವುದು ಎಳೆಯ ಮನಸ್ಸಿನ ಗುಣ. ಬಾಸ್ಟನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೆಬೊರಾ ಕೆಲೆಮೆನ್ ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಬಂಡೆ ಮೊನಚಾಗಿರುವುದು ಪ್ರಾಣಿಗಳು ಅದರ ಮೇಲೆ ಕೂರದಿರಲಿ ಎಂದೇ, ಎನ್ನುವಂಥ ವಿವರಣೆಯನ್ನು ಮಕ್ಕಳು ಸುಲಭವಾಗಿ ಒಪ್ಪುತ್ತಾರೆಂದು ಅವರು ತೋರಿಸಿದರು. 2014ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನ ಇನ್ನೂ ಮುಖ್ಯ. ಐದರಿಂದ ಎಂಟು ವರ್ಷದ ಮಕ್ಕಳಿಗೆ ಅವರು ಒಂದು ಚಿತ್ರಕಥೆ ಓದಿ ಹೇಳಿದರು. ಕಾಲ್ಪನಿಕ ಪ್ರಾಣಿಯೊಂದರ ಆಹಾರವಾದ ಹುಳಗಳು ಇಕ್ಕಟ್ಟಾದ ಬಿಲಕ್ಕೆ ಇಳಿದಾಗ ತೆಳು ಸೊಂಡಿಲಿನವು ಬದುಕಿ ಮರಿ ಹಾಕುತ್ತವೆ, ದಪ್ಪ ಸೊಂಡಿಲಿನವು ತಲೆಮಾರು ಕಳೆದಂತೆ ಕಡಿಮೆಯಾಗುತ್ತವೆ. ಕಥೆ ಕೇಳಿದ ಮಕ್ಕಳು ನಿಸರ್ಗದ ಆಯ್ಕೆಯ ಮೂಲತತ್ವವನ್ನು ಹಿಡಿದರು. ಹೈಸ್ಕೂಲಿಗೆ ಮೀಸಲು ಎಂದುಕೊಂಡ ವಿಚಾರ ಎರಡನೇ ತರಗತಿಗೂ ದಕ್ಕುತ್ತದೆ ಎಂದಾಯಿತು.

ಕುಮಟಾದ ಮಕ್ಕಳಿಗೆ ಕಾಲ್ಪನಿಕ ಪ್ರಾಣಿಯೂ ಬೇಡ. ಕಗ್ಗವಿದೆ.

ಅಘನಾಶಿನಿಯ ಗಜನಿ ಭೂಮಿಗೆ ಉಪ್ಪುನೀರು ನುಗ್ಗುತ್ತದೆ. ಮುಂಗಾರಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಬಿತ್ತುವ ಭತ್ತ ಕಗ್ಗ. ಎತ್ತರದ ಪೈರು, ಕೆಂಪಕ್ಕಿ, ಗೊಬ್ಬರ ಕೇಳದು, ಕೆಲ ದಿನ ನೆರೆಯಲ್ಲಿ ಮುಳುಗಿದರೂ ತಡೆದುಕೊಂಡೀತು. ಮಾಣಿಕಟ್ಟಾದ ಕಡೆ ಈಗಲೂ ಬೆಳೆಯುವವರಿದ್ದಾರೆ, ಸಿಗಡಿ ಕೃಷಿ ಬಂದ ಮೇಲೆ ಕಡಿಮೆಯಾಗಿದೆ. ಈ ಭತ್ತ ಉಪ್ಪು ತಡೆಯಬೇಕೆಂದು ತಾನಾಗಿ ತೀರ್ಮಾನಿಸಲಿಲ್ಲ. ಉಪ್ಪು ತಾಳದ ಪೈರು ಸತ್ತಿತು, ತಾಳಿದ್ದು ತೆನೆ ಕೊಟ್ಟಿತು, ಆ ತೆನೆಯ ಕಾಳೇ ಮುಂದಿನ ವರ್ಷದ ಬೀಜ. ತಲೆಮಾರುಗಟ್ಟಲೆ ಇದೇ ನಡೆಯಿತು. ಇಲ್ಲಿ ಆರಿಸಿದ್ದರಲ್ಲಿ ಉಪ್ಪಿನ ಕೈ ಅರ್ಧ, ರೈತನ ಕೈ ಅರ್ಧ. ಕಾಂಡ್ಲಾದಲ್ಲಿ ರೈತನಿಲ್ಲ, ಬಾಕಿ ಲೆಕ್ಕ ಅದೇ. ಅಜ್ಜ ಕಗ್ಗ ಬೆಳೆದ ಮನೆಯ ಹುಡುಗನಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ತರಗತಿಯಲ್ಲಿ ನಾಲ್ಕು ಲೋಟ

ಇದನ್ನು ತರಗತಿಗೇ ತರಬಹುದು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಒಂದು ಲೋಟದಲ್ಲಿ ಅಷ್ಟೇ ಉಪ್ಪಿನ ನೀರು, ಎರಡನೆಯದರಲ್ಲಿ ಅದರ ಅರ್ಧ, ಮೂರನೆಯದರಲ್ಲಿ ಕಾಲು, ನಾಲ್ಕನೆಯದರಲ್ಲಿ ಬಾವಿ ನೀರು. ನಾಲ್ಕು ಬಟ್ಟೆ ತುಂಡುಗಳನ್ನು ಬೇರೆ ಬೇರೆ ನೀರಲ್ಲಿ ಅದ್ದಿ, ತಲಾ ಇಪ್ಪತ್ತು ಹೆಸರುಕಾಳು ಕಟ್ಟಿಟ್ಟು ದಿನಾ ಎಣಿಸಬೇಕು. ಬಾವಿ ನೀರಿನದ್ದು ಬೇಗ ಮೊಳೆಯುತ್ತದೆ, ಕಡಲ ಉಪ್ಪಿನದ್ದು ಕಣ್ಣು ಬಿಡುವುದಿಲ್ಲ. ನಡುವಿನ ಎರಡರಲ್ಲಿ ಎಷ್ಟು ಮೊಳೆತವು, ಎಲ್ಲ ಕಾಳೂ ಒಂದೇ ಥರವೇ ಎಂಬುದೇ ಮಜಾ. ಆಮೇಲೆ ಮೊಳೆಯದವನ್ನು ತೊಳೆದು ಸಿಹಿನೀರಿಗೆ ಹಾಕಿ ಕಾಯಬೇಕು. ಗಜನಿಯ ರೈತ ಮೊದಲ ಮಳೆಗೆ ಯಾಕೆ ಕಾಯುತ್ತಾನೆ ಎಂಬುದಕ್ಕೆ ವಿವರಣೆ ಅಲ್ಲೇ ಸಿಗುತ್ತದೆ.

ಹೊರಗೆ ನೋಡಿ ಕಲಿಯುವುದು ನಮಗೆ ಹೊಸದಲ್ಲ. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ ತಂದದ್ದು 1936ರಲ್ಲಿ. ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳ ಜೊತೆ ಕಾಡು ಸುತ್ತಿದ ಅನುಭವದ ‘ಹಸುರು ಹೊನ್ನು’ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಪಕ್ಕದ ಅಂಕೋಲಾದ ಹಾಲಕ್ಕಿ ಮಹಿಳೆ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಾವ ಮರದ ಬೀಜವನ್ನು ಯಾವಾಗ, ಯಾವ ತಾಯಿಮರದಿಂದ ಆಯಬೇಕೆಂಬ ಅವರ ಅರಿವು 2020ರ ಪದ್ಮಶ್ರೀವರೆಗೆ ಅವರನ್ನು ತಂದಿತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥ ತಿಳಿವಳಿಕೆಯ ಅಜ್ಜಿಯರು, ಬಲೆ ಹಾಕುವ ಮಾವಂದಿರು ಊರೂರಲ್ಲಿದ್ದಾರೆ. ಇಳಿತದ ಹೊತ್ತಿಗೆ ಬಳಚು (ಚಿಪ್ಪುಮೀನು) ಹೆಕ್ಕಲು ಹೋಗುವ ತಾಯಿಗೆ ಯಾವ ಕೆಸರಲ್ಲಿ ಏನು ಸಿಗುತ್ತದೆ, ಯಾಕೆ ಅಲ್ಲೇ ಸಿಗುತ್ತದೆ ಎಂಬುದು ಗೊತ್ತು. ತಿಂಗಳಿಗೊಮ್ಮೆ ಅವರನ್ನು ಶಾಲೆಗೆ ಕರೆಸಿ ಪ್ರಶ್ನೆ ಕೇಳಲು ಮಕ್ಕಳನ್ನು ಬಿಟ್ಟರೆ ಖರ್ಚೇನೂ ಇಲ್ಲ.

ಎರಡು ಎಚ್ಚರಿಕೆ ಮಾತ್ರ ಬೇಕು. ಅಳಿವೆಗೆ ಹೋಗುವಾಗ ನೀರಿನ ಹೊತ್ತು ತಿಳಿದ ಊರಿನ ದೊಡ್ಡವರೊಬ್ಬರು ಜೊತೆಗಿರಬೇಕು. ಏಡಿ, ಮೀನು, ಹುಳಗಳನ್ನು ಬಾಟಲಿಯಲ್ಲಿ ತುಂಬಿ ತರಬಾರದು; ಅದರ ಜಾಗದಿಂದ ಎತ್ತಿದರೆ ಅದು ಯಾಕೆ ಬದುಕದು ಎಂಬುದೇ ಅಂದಿನ ಪಾಠ.

ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತು ಗುರುತಿಸಿದ ಜೌಗನ್ನು ಅದರ ದಂಡೆಯ ಶಾಲೆಗಳ ಪ್ರಶ್ನೆಪತ್ರಿಕೆಯೂ ಗುರುತಿಸಬೇಕು. ‘ಮರುಭೂಮಿಯ ಹಡಗು ಯಾವುದು’ ಎಂಬ ಪ್ರಶ್ನೆ ಇರಲಿ, ಬೇಡವೆನ್ನುವುದಿಲ್ಲ. ಜೊತೆಗೆ ಇನ್ನೊಂದು ಇರಲಿ: ‘ಅಡಕೆ ಸಸಿಯನ್ನು ಕಾಂಡ್ಲಾ ಕೆಸರಿನಲ್ಲಿ ನೆಟ್ಟರೆ ಏನಾಗುತ್ತದೆ, ಯಾಕೆ?’ ಅದಕ್ಕೆ ಗೈಡಿನಲ್ಲಿ ಉತ್ತರವಿಲ್ಲ. ಆ ಉತ್ತರ ಬರೆಯಲು ಮಗು ಯೋಚಿಸಲೇಬೇಕು, ಅದನ್ನು ತಿದ್ದಲು ಮಾಸ್ತರರೂ ಅಕ್ಕೋರೂ ಒಮ್ಮೆ ಹೊಳೆಯ ಕಡೆ ಹೋಗಿ ಬರಲೇಬೇಕು. ರಜೆಯ ಪಟ್ಟಿಯ ಪಕ್ಕದಲ್ಲಿ ಶಾಲೆಯ ಗೋಡೆಗೆ ಭರತ-ಇಳಿತದ ವೇಳಾಪಟ್ಟಿಯನ್ನೂ ಅಂಟಿಸಿದರೆ ಈ ವರ್ಷವೇ ಶುರು ಮಾಡಬಹುದು.