ಡಿಸ್ಕ್ ಸತ್ತಿಲ್ಲ ಸಾವ್ಕಾರ್ರೇ, ವೈರ್ ಸಡ್ಲಾಗ್ಯಾದ!

ಗಾಜಿಪುರ: ಉದ್ರಿ ಖಾತೆ ಕಳಕೊಂಡ ಕಿರಾಣಿ ಸಾವ್ಕಾರರ ಮುಖ ಹೇಗಿರುತ್ತದೆ ಗೊತ್ತೇ? ಮೊನ್ನೆ ನಾವು ಕಣ್ಣಾರೆ ಕಂಡೆವು. ಅಂಗಡಿಯಲ್ಲಿ ಹದಿನೈದು ವರ್ಷದ ಹಳೇ ಕಂಪ್ಯೂಟರ್. ಬೆಳಿಗ್ಗೆ ಗುಂಡಿ ಒತ್ತಿದರೆ ಬರೀ ಕಪ್ಪು ಪರದೆ. ಹಾರ್ಡ್ ಡಿಸ್ಕೇ ಕಾಣುತ್ತಿಲ್ಲವಂತೆ! ಯಾರು ಎಷ್ಟು ಕೊಡಬೇಕು ಅನ್ನೋ ಲೆಕ್ಕವೆಲ್ಲ ಅದರೊಳಗೆ. ಕಾಗದದ ವಹಿ ಬಿಟ್ಟು ಆರು ವರ್ಷ ಆಗಿತ್ತು.

ನಮ್ಮೂರಲ್ಲಿ ಸಲಹೆಗೆ ಬರವೇ? ಚಹಾ ಹೀರುತ್ತಿದ್ದವರೊಬ್ಬರು, "ಫಾರ್ಮ್ಯಾಟ್ ಹೊಡೀರಿ, ಎಲ್ಲಾ ಸರಿ ಆಗ್ತದ" ಅಂದರು. ಬಸ್ಸಿಗೆ ನಿಂತ ಇನ್ನೊಬ್ಬರು, "ಫರ್ಮ್‌ವೇರ್ ಹಳೇದದ, ಅಪ್‌ಡೇಟ್ ಮಾಡ್ರಿ" ಅಂದರು.

ಅಷ್ಟರಲ್ಲಿ ರಿಪೇರಿ ಹುಡುಗ ಬಂದ. "ನಿನ್ನೆ ಇದನ್ನ ಯಾರರ ಮುಟ್ಟೀರೇನ್ರಿ?"

"ಧೂಳ ಹೊಡ್ಯಾಕ ಪ್ಲಗ್ ಕಿತ್ತು ಸರಿಸಿದ್ವಿ ತಮ್ಮಾ, ಅಷ್ಟೇ."

ಅಲ್ಲೇ ಇತ್ತು ಗುಟ್ಟು! ಡಬ್ಬಿ ಬಿಚ್ಚಿ ನೋಡಿದರೆ ಡಿಸ್ಕಿನಿಂದ ಮದರ್‌ಬೋರ್ಡಿಗೆ ಹೋಗುವ ಚಪ್ಪಟೆ ವೈರು ಅರ್ಧ ಹೊರಗೆ. ಒತ್ತಿ ಕೂಡಿಸಿದ. ಬಯೋಸ್ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಬಂತು. ಸಾವ್ಕಾರರು ಕೈ ಮುಗಿದರು. ಆದರೆ ವಿಂಡೋಸ್ ಏಳುವಷ್ಟರಲ್ಲಿ ನೀಲಿ ಪರದೆ!

ಹುಡುಗ ಬಯೋಸಿನ ತಾರೀಖು ನೋಡಿದ. 2009ರ ಜನವರಿ 1 ತೋರಿಸುತ್ತಿತ್ತು. ಮದರ್‌ಬೋರ್ಡಿನಲ್ಲಿ ಎಂಟಾಣೆಯಂಥ ದುಂಡನೆಯ ಬ್ಯಾಟರಿ ಇರುತ್ತದೆ, ಸಿಆರ್ 2032, 3 ವೋಲ್ಟಿನದು. ಅದು ಎಂದೋ ಸತ್ತಿತ್ತು. ಪ್ಲಗ್ಗಿನ ಕರೆಂಟಿನ ಮೇಲೆ ನೆನಪು ನಿಂತಿತ್ತು, ಪ್ಲಗ್ ಕಿತ್ತಾಗ ಅದೂ ಹೋಯಿತು. ಡಿಸ್ಕ್ ಓದುವ ರೀತಿ ಐಡಿಇ ಇದ್ದದ್ದು ಎಎಚ್‌ಸಿಐ ಆಗಿ ಕೂತಿತ್ತು. ಹೊಸ ಬ್ಯಾಟರಿ ಹಾಕಿ, ಮೊದಲಿನಂತೆ ಐಡಿಇ ಮಾಡಿದ. ವಿಂಡೋಸ್ ಎದ್ದಿತು, ಖಾತೆಯೂ ಬಂತು.

ಇನ್ನು ಫರ್ಮ್‌ವೇರಿನ ಮಾತು. ಪಿಯುಸಿಗೇ ಪುಸ್ತಕ ಮುಚ್ಚಿದ ನಮಗೂ ಹುಡುಗ ತಿಳಿಯುವಂತೆ ಹೇಳಿದ. ಡಿಸ್ಕಿನ ಹೊಟ್ಟೆಯಲ್ಲೇ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ, ಅದೇ ಫರ್ಮ್‌ವೇರ್. ಅದು ಕೆಟ್ಟರೂ ಡಿಸ್ಕ್ ಮಾಯ ಆಗುವುದುಂಟು. ಸೀಗೇಟ್ ಕಂಪನಿಯ ಬಾರಾಕುಡಾ 7200.11 ಡಿಸ್ಕುಗಳಲ್ಲಿ ಇದೇ ಆಯಿತು. 2009ರ ಜನವರಿಯಲ್ಲಿ ಜಗತ್ತಿನ ತುಂಬ ಗದ್ದಲ. ರಾತ್ರಿ ನೆಟ್ಟಗಿದ್ದ ಡಿಸ್ಕ್ ಬೆಳಿಗ್ಗೆ ಬಯೋಸಿಗೆ ಕಾಣುತ್ತಿರಲಿಲ್ಲ. ಒಳಗಿನ ಮಾಹಿತಿ ಮಾತ್ರ ಹಾಗೇ ಇತ್ತು! ಕಂಪನಿ ಹೊಸ ಫರ್ಮ್‌ವೇರ್ ಕೊಟ್ಟಿತು. ಆ ಮದ್ದು ಹಾಕಿದ ಮೇಲೆ ಕೆಲವು 500 ಜಿಬಿ ಡಿಸ್ಕುಗಳೇ ಕೈಕೊಟ್ಟವು, ಕಂಪನಿ ಅದನ್ನು ವಾಪಸ್ ಪಡೆದು ಮತ್ತೆ ತಿದ್ದಿ ಕೊಡಬೇಕಾಯಿತು. ಇನ್ನೊಂದು ತೊಡಕು: ಕಾಣದ ಡಿಸ್ಕಿಗೆ ಮನೆಯಲ್ಲಿ ಕೂತು ಮದ್ದು ಹಾಕುವಂತಿಲ್ಲ, ಕಂಪ್ಯೂಟರಿಗೆ ಅದು ಮೊದಲು ಕಾಣಬೇಕಲ್ಲ!

"ಕರೆಂಟ್ ನಡುವ ಹೋದ್ರ ಮುಗೀತ್ರಿ" ಅಂದ ಹುಡುಗ. ಅಪ್‌ಡೇಟ್ ನಡೆದಾಗ ಕರೆಂಟ್ ಹೋದರೆ ಡಿಸ್ಕೋ ಬೋರ್ಡೋ ಏಳದೇ ಇರಬಹುದು. ಬೇಸಿಗೆಯಲ್ಲಿ ನಮ್ಮೂರ ಕರೆಂಟಿನ ಹಣೆಬರಹ ನಿಮಗೆ ಹೇಳಬೇಕೆ? ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ. ಅದಕ್ಕೂ ಮೊದಲು ಲೆಕ್ಕವೆಲ್ಲ ಬೇರೆ ಕಡೆ ನಕಲಾಗಲಿ. ವಿಂಡೋಸ್ ತಾನಾಗಿ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೂ ಹೂಂ ಅನ್ನಬೇಡಿ. ಡಿಸ್ಕ್ ಟಕ್ ಟಕ್ ಅನ್ನುತ್ತಿದ್ದರೆ ಮತ್ತೆ ಮತ್ತೆ ಹಚ್ಚದೆ ಬಂದ್ ಮಾಡಿ, ಬಲ್ಲವರ ಕೈಗೆ ಕೊಡಿ.

ಸಾವ್ಕಾರರು ಅಲ್ಲೇ ಪೆನ್ ಡ್ರೈವ್ ತರಿಸಿ ನಕಲು ಮಾಡಿಸಿದರು. ಖಾತೆ ತೆರೆದಾಗ ನಮ್ಮ ಕಣ್ಣಿಗೂ ಒಂದು ಹೆಸರು ಬಿತ್ತು. ಫಾರ್ಮ್ಯಾಟ್ ಹೊಡೀರಿ ಅಂದವರದ್ದೇ! ಮೂರು ತಿಂಗಳ ಬಾಕಿ. ಅವರು ಚಹಾ ಲೋಟ ಇಟ್ಟು ಆಗಲೇ ಹೋಗಿಯಾಗಿತ್ತು.