ಹಳೆಯ ಬೂಟಿನ ಹೊಸ ಬೆಲೆ

ರಾಯಚೂರಿನ ತೀನ್ ಕಂದೀಲ್ ಸುತ್ತಲಿನ ಪೇಟೆಯಿರಲಿ, ದೇವದುರ್ಗ, ಮಾನ್ವಿಯ ಬೂಟಿನ ಅಂಗಡಿಗಳಿರಲಿ, ಕಾಲೇಜು ಹುಡುಗರ ಕಣ್ಣು ಹೋಗುವ ಬೂಟೊಂದಿದೆ. ಪಕ್ಕದಲ್ಲಿ ನೈಕಿಯ ರೈಟ್ ಗುರುತು, ಕಣಕಾಲಿನ ಹತ್ತಿರ ರೆಕ್ಕೆ ಮೂಡಿದ ಚೆಂಡು. “ಒರಿಜಿನಲ್ ಏನ್ರಿ?” ಎಂದರೆ, “ಫಸ್ಟ್ ಕಾಪಿ ಅದ ನೋಡಪ್ಪ” ಎಂಬ ಉತ್ತರ ಬರುತ್ತದೆ. ಅಂಗಡಿಯವರು ಒರಿಜಿನಲ್ ಎನ್ನುವುದು ಕಂಪನಿಯ ಮಾಲಿಗೆ. ಆದರೆ ಕಂಪನಿ ಇವತ್ತು ಮಾರುವುದೂ 1985ರ ಬೂಟಿನ ಮರುತಯಾರಿಕೆಯೇ. ಅದಕ್ಕೆ ರೆಟ್ರೊ ಎಂದು ಹೆಸರು.

ಆ 1985ರ ಬೂಟೇ ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಹೆಸರಿನ ಮೊದಲ ಬೂಟಾದ ‘ಏರ್ ಜೋರ್ಡನ್ 1’. ವಿನ್ಯಾಸ ಪೀಟರ್ ಮೂರ್ ಅವರದು. 1985ರಲ್ಲಿ ಅಮೆರಿಕದಲ್ಲಿ ಅದರ ಬೆಲೆ 65 ಡಾಲರ್, ಅಂದಿನ ವಿನಿಮಯ ದರದಲ್ಲಿ ಸುಮಾರು 800 ರೂಪಾಯಿ. ಈಗ ಅದರ ಎತ್ತರದ ರೆಟ್ರೊ ಜೋಡಿಗೆ ಅಲ್ಲಿ 180 ಡಾಲರ್ ಆಸುಪಾಸು, ಭಾರತದಲ್ಲಿ ಹದಿನಾರು-ಹದಿನೇಳು ಸಾವಿರ ರೂಪಾಯಿ. ಬೆಲೆ ವಿಪರೀತ ಏರಿದಂತೆ ಕಾಣುತ್ತದೆ. ಅಮೆರಿಕದ ಹಣದುಬ್ಬರ ಲೆಕ್ಕ ಹಾಕಿದರೆ 1985ರ 65 ಡಾಲರ್ ಇವತ್ತಿನ ಸುಮಾರು 190 ಡಾಲರ್‌ಗೆ ಸಮ. ಅಂದರೆ ಅಲ್ಲಿನವರಿಗೆ ಈ ಬೂಟು ಹೆಚ್ಚುಕಡಿಮೆ ಹಳೆಯ ದರಕ್ಕೇ ಸಿಗುತ್ತಿದೆ.

ನಮ್ಮ ಲೆಕ್ಕ ಬೇರೆ. ಕರ್ನಾಟಕದಲ್ಲಿ 2025-26ರ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಹದಿನೇಳು ಸಾವಿರದ ಜೋಡಿಯೆಂದರೆ ದೇವದುರ್ಗದ ಕೂಲಿಕಾರರೊಬ್ಬರ 46 ದಿನದ ದುಡಿಮೆ. ಅಮೆರಿಕದಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, ಅಷ್ಟೇ ಪಡೆಯುವವರೂ 25 ಗಂಟೆ ದುಡಿದರೆ ಅದು ಸಿಗುತ್ತದೆ. ಹೀಗಿರುವಾಗ ಕೊಟ್ಟ ದುಡ್ಡಿನಲ್ಲಿ ಚರ್ಮಕ್ಕೆಷ್ಟು, ಹೊಲಿಗೆಗೆಷ್ಟು, ಹೆಸರಿಗೆಷ್ಟು ಎಂದು ಕೇಳುವ ಹಕ್ಕು ನಮ್ಮ ಹುಡುಗರಿಗೆ ಇನ್ನೂ ಹೆಚ್ಚು.

ರೆಟ್ರೊ ಮಾರುಕಟ್ಟೆ ಹುಟ್ಟಿದ್ದು ಅಂಗಡಿಕಾರರ ಹಟದಿಂದ. ನೈಕಿ 1982ರಲ್ಲಿ ಬ್ರೂಸ್ ಕಿಲ್ಗೋರ್ ವಿನ್ಯಾಸದ ‘ಏರ್ ಫೋರ್ಸ್ 1’ ತಂದು, ಎರಡು ವರ್ಷಕ್ಕೆ ನಿಲ್ಲಿಸಿಬಿಟ್ಟಿತ್ತು. ಗಿರಾಕಿ ತಪ್ಪದ ಬಾಲ್ಟಿಮೋರ್ ನಗರದ ಕೆಲವು ಅಂಗಡಿಯವರು ಅದು ಮತ್ತೆ ಬೇಕೆಂದು ಕಂಪನಿಯ ಬೆನ್ನುಬಿದ್ದರು. ಬೂಟು ಹೊಸ ಹೊಸ ಬಣ್ಣಗಳಲ್ಲಿ ಮರಳಿತು, ಇಂದಿಗೂ ಮಾರಾಟವಾಗುತ್ತಿದೆ. ಜೋರ್ಡನ್ 1ಕ್ಕೆ ಅಂಥ ಸ್ವಾಗತ ಸಿಗಲಿಲ್ಲ. 1994ರಲ್ಲಿ ಅದು ಮೊದಲ ಸಲ ಮರಳಿದಾಗ ಕೊಳ್ಳುವವರಿಲ್ಲದೆ ದರ ಇಳಿಸಿ ಮಾರಬೇಕಾಯಿತು.

ಮುಂದೆ ಬೇಡಿಕೆ ಏರಿತು, ಚರ್ಮ ಸೊರಗಿತು ಎಂಬ ದೂರೂ ಎದ್ದಿತು. ಚರ್ಮದ ಗುಣವನ್ನು ಬೂಟಿನ ಮೂತಿ ನೋಡಿ ತಿಳಿಯಬಹುದು. ಬೆರಳು ಮಡಚುವ ಜಾಗದಲ್ಲಿ ಒಳ್ಳೆಯ ಚರ್ಮಕ್ಕೆ ಸಣ್ಣ, ಮೆದು ನೆರಿಗೆ ಬೀಳುತ್ತದೆ. ಒತ್ತಿ ಬಿಟ್ಟರೆ ಅರ್ಧ ಮಾಯವಾಗುತ್ತದೆ. ಚರ್ಮದ ಕೆಳಪದರಕ್ಕೆ ದಪ್ಪ ಪ್ಲಾಸ್ಟಿಕ್ ಲೇಪ ಕೊಟ್ಟಿದ್ದರೆ ಗೆರೆ ಚೂಪಾಗಿ ಮೂಡಿ, ದಿನ ಕಳೆದಂತೆ ಅಲ್ಲೇ ಬಿರುಕುಬಿಟ್ಟು ಹಪ್ಪಳೆ ಏಳುತ್ತದೆ. ಟೀಕೆ ಹೆಚ್ಚಿದ ಮೇಲೆ ನೈಕಿ 2015ರಿಂದ ‘ರೀಮಾಸ್ಟರ್ಡ್’ ಹೆಸರಿನಲ್ಲಿ ಉತ್ತಮ ಚರ್ಮ, ಮೂಲಕ್ಕೆ ಹತ್ತಿರದ ಆಕಾರ ಕೊಡುವುದಾಗಿ ಹೇಳಿತು. ಜೊತೆಗೆ ಬೆಲೆಯನ್ನೂ ಏರಿಸಿತು.

ಕಾನ್ವರ್ಸ್ ಕಂಪನಿ ಇನ್ನೊಂದು ದಾರಿ ಹಿಡಿಯಿತು. 1917ರಿಂದ ಬಂದ ಅದರ ‘ಆಲ್ ಸ್ಟಾರ್’ ಕ್ಯಾನ್ವಾಸ್ ಬೂಟು ಕಾಲಕ್ರಮೇಣ ಹಗುರಾಗಿತ್ತು. 2013ರಲ್ಲಿ ಬಂದ ‘ಚಕ್ 70’ರಲ್ಲಿ 1970ರ ದಶಕದ ದಪ್ಪ ಕ್ಯಾನ್ವಾಸ್, ಎತ್ತರದ ರಬ್ಬರ್ ಅಂಚು, ಮೆತ್ತನೆಯ ಒಳಹಾಸು ಮರಳಿದವು. ಸಾಮಾನ್ಯ ಆಲ್ ಸ್ಟಾರ್‌ಗಿಂತ ಇದು ದುಬಾರಿ. ಆ ಹೆಚ್ಚಿನ ದುಡ್ಡು ಎಲ್ಲಿ ಹೋಗಿದೆ ಎಂಬುದು ಕೈಯಿಂದ ಮುಟ್ಟಿದರೇ ತಿಳಿಯುತ್ತದೆ.

ಹಾಗಾದರೆ ಅಂದಿನ ಅಸಲಿ ಜೋಡಿಯನ್ನೇ ಹುಡುಕಿ ಕೊಂಡರೆ? 1985ರ ಜೋರ್ಡನ್ 1ರ ಅಡಿಭಾಗದ ಹೊರಗವಚ ರಬ್ಬರಿನದು. ಹಾಗಾಗಿ ಆ ಜೋಡಿಗಳು ಅಲ್ಲಲ್ಲಿ ಉಳಿದಿವೆ. ಟಿಂಕರ್ ಹ್ಯಾಟ್‌ಫೀಲ್ಡ್ ರೂಪಿಸಿದ 1988ರ ಜೋರ್ಡನ್ 3ರಲ್ಲಿ ಪಾಲಿಯುರೆಥೇನ್ ಫೋಮ್ ಇದೆ. ಗಾಳಿಯ ತೇವ ಈ ಫೋಮನ್ನು ಒಳಗೊಳಗೇ ತಿನ್ನುತ್ತದೆ, ಬಿಸಿ ಅದನ್ನು ಇನ್ನಷ್ಟು ಬೇಗ ಮಾಡಿಸುತ್ತದೆ. ಡಬ್ಬಿಯಲ್ಲಿ ಜೋಪಾನ ಮಾಡಿದ ಹೊಸ ಜೋಡಿಯೂ ವರ್ಷಗಳು ಉರುಳಿದ ಮೇಲೆ ಹಾಕಿದ ದಿನವೇ ಪುಡಿಯಾಗುವುದುಂಟು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ರಾಯಚೂರಿನಲ್ಲಿ ತಗಡಿನ ಮಾಡಿನ ಕೆಳಗೆ ಅಟ್ಟಕ್ಕೆ ಹಾಕಿಟ್ಟರೆ ಹೊಸ ರೆಟ್ರೊಗೂ ಇದೇ ಗತಿ. ಆಗಾಗ ಹಾಕಿಕೊಂಡು, ತೊಯ್ದರೆ ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸುವುದು ಲೇಸು.

ಹೀಗೆ ಅಸಲಿ ಬೂಟು ಕಾಲಿನಿಂದ ಕಪಾಟಿಗೆ ಏರಿದೆ. 1984ರಲ್ಲಿ ಜೋರ್ಡನ್ ಆಟದಲ್ಲಿ ತೊಟ್ಟಿದ್ದ ನೈಕಿಯ ‘ಏರ್ ಶಿಪ್’ ಬೂಟಿನ ಜೋಡಿ 2021ರಲ್ಲಿ ಸೋದಬೀಸ್ ಹರಾಜಿನಲ್ಲಿ 14.72 ಲಕ್ಷ ಡಾಲರ್‌ಗೆ ಹೋಯಿತು.

ನಮ್ಮಲ್ಲೂ ಒಂದು ರೆಟ್ರೊ ಇದೆ. ಶಾಲೆಯ ಪಿ.ಟಿ. ಪೀರಿಯಡ್ಡಿಗೆ ಬಿಳಿ ಪಾಲಿಶ್ ಬಳಿದು ಹಾಕುತ್ತಿದ್ದ ಕ್ಯಾನ್ವಾಸ್ ಬೂಟು ಯಾರಿಗೆ ನೆನಪಿಲ್ಲ? ಬಾಟಾ ಕಂಪನಿ 1936ರಲ್ಲಿ ಭಾರತದಲ್ಲೇ ಶುರುಮಾಡಿದ ‘ಬಾಟಾ ಟೆನ್ನಿಸ್’ ಅಂಥದ್ದು. ಅದನ್ನು, ಬಾಸ್ಕೆಟ್‌ಬಾಲ್‌ಗೆಂದೇ ಮಾಡಿದ್ದ ‘ಬುಲೆಟ್ಸ್’ ಜೊತೆಗೆ, ಕಂಪನಿ ‘ಹೆರಿಟೇಜ್’ ಸಾಲಿನಲ್ಲಿ ಫ್ಯಾಷನ್ ಬೂಟಾಗಿ ಮತ್ತೆ ಮಾರಿತು.

ಇನ್ನು ಫಸ್ಟ್ ಕಾಪಿ. ಎರಡು-ಮೂರು ಸಾವಿರಕ್ಕೆ ಸಿಗುವ ಅದರಲ್ಲಿ ಹೊರಗಿನ ರೂಪವಷ್ಟೇ ನಕಲಾಗಿರುತ್ತದೆ. ಒಳಗಿನ ಫೋಮ್, ಅಂಟು ಯಾವುದೆಂಬ ಖಾತ್ರಿಯಿಲ್ಲ. ಸೋಲ್ ಬಿಟ್ಟುಕೊಂಡರೆ ಕೇಳಲು ಬಿಲ್ಲಿಲ್ಲ. ನಕಲಿ ಟ್ರೇಡ್‌ಮಾರ್ಕ್ ಹಾಕಿ ಮಾರುವುದಕ್ಕೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಕಂಪನಿಯ ಡಬ್ಬಿಯ ಮೇಲೆ ಎಂಆರ್‌ಪಿ, ತಯಾರಾದ ದೇಶ, ತಯಾರಕರ ಅಥವಾ ಆಮದುದಾರರ ಹೆಸರು-ವಿಳಾಸ ಇರಲೇಬೇಕು. ಆನ್‌ಲೈನಿನಲ್ಲಿ ತರಿಸುವ ಮಾನ್ವಿಯ ಹುಡುಗರು ಪಾರ್ಸೆಲ್ ಬಿಚ್ಚಿದೊಡನೆ ಇವನ್ನು ಓದಬೇಕು, ಬಿಲ್ಲನ್ನು ಎತ್ತಿಡಬೇಕು.

ನಿಜಕ್ಕೂ ಬಾಸ್ಕೆಟ್‌ಬಾಲ್ ಆಡುವವರಿಗೆ ಮಾತ್ರ ರೆಟ್ರೊ ಸರಿಯಾದ ಆಯ್ಕೆಯಲ್ಲ. ನಲವತ್ತು ವರ್ಷದ ಹಿಂದಿನ ಅಡಿಭಾಗ ಇಂದಿನ ಆಟದ ಬೂಟಿನಷ್ಟು ಜಿಗಿತದ ಹೊಡೆತ ತಡೆಯುವುದಿಲ್ಲ, ಸಿಮೆಂಟ್ ಅಂಕಣದಲ್ಲಂತೂ ಮಂಡಿಗೆ ಪೆಟ್ಟು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ 5ಕ್ಕೆ ಇಳಿದಿದೆ. ಹಾಗಾಗಿ ಫಸ್ಟ್ ಕಾಪಿಗೆ ಸುರಿಯುವಷ್ಟೇ ದುಡ್ಡಿನಲ್ಲಿ ಬಿಐಎಸ್ ಗುರುತಿನ, ಬಿಲ್ಲಿರುವ ಆಟದ ಬೂಟು ರಾಯಚೂರಿನಲ್ಲೇ ಕಾಲಿಗೆ ಹಾಕಿ ನೋಡಿ ಕೊಳ್ಳಬಹುದು.